ಬೀರು ಸರಿಸಿ ನೋಡಿ

ಪುನರ್ವಸು ಮಳೆ ಮುಗಿದು ಪುಷ್ಯ ಕಾಲಿಡುವ ಹೊತ್ತಿಗೆ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಬೂಸ್ಟಿನ ಲೆಕ್ಕ ಶುರುವಾಗುತ್ತದೆ. ಮದುವೆಮನೆಗೆಂದು ಎತ್ತಿಟ್ಟ ಚರ್ಮದ ಚಪ್ಪಲಿಗೆ ಹಸಿರು ಪುಡಿ ಮೆತ್ತಿದೆ. ಬೆಲ್ಟಿಗೆ ಬಿಳಿ ಮಚ್ಚೆ ಬಿದ್ದಿದೆ. ಕಪಾಟಿನ ಕೆಳಖಾನೆಯ ಸೀರೆ ಬಿಚ್ಚಿದರೆ ಮುಗ್ಗಲು ವಾಸನೆ. ಹಪ್ಪಳದ ಡಬ್ಬಿ ತೆರೆದರೆ ಮೇಲಿನ ನಾಲ್ಕಕ್ಕೆ ನವಿರಾದ ಕೂದಲು ಬಂದಿರುತ್ತದೆ. ಮಳೆಗಾಲ ಅಂದಮೇಲೆ ಇದೆಲ್ಲ ಇದ್ದದ್ದೇ ಎಂದು ಒರೆಸಿ ಮುಂದಿನ ಕೆಲಸ ನೋಡುತ್ತಾರೆ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯಂಥ ಊರಿನಲ್ಲಿ ಬೇರೆ ಏನನ್ನು ತಾನೇ ಹೇಳಿಯಾರು?

ಬೆಂಗಳೂರಿನವರಿಗೆ ಇದು ತಮ್ಮ ಮನೆಯ ಸುದ್ದಿಯಲ್ಲ ಎಂಬ ನಂಬಿಕೆ. ಅಂಥವರು ಒಮ್ಮೆ ಮಲಗುವ ಕೋಣೆಯ ಬೀರುವನ್ನು ಗೋಡೆಯಿಂದ ಒಂದಡಿ ಮುಂದಕ್ಕೆ ಎಳೆದು ನೋಡಬೇಕು. ಕೋಣೆಯ ಉಳಿದ ಗೋಡೆಗಳು ಕೆನೆಬಣ್ಣದಲ್ಲಿ ಚೊಕ್ಕಟವಾಗಿರುತ್ತವೆ. ಬೀರುವಿನ ಹಿಂದೆ ಮಾತ್ರ, ಸ್ಕರ್ಟಿಂಗ್ ಕಲ್ಲಿನ ಮೇಲಂಚಿನಿಂದ ಶುರುವಾಗಿ ಮಂಡಿಯೆತ್ತರದವರೆಗೆ, ಸಾಸಿವೆ ಕಾಳಿನಷ್ಟಗಲದ ಕಪ್ಪು ಚುಕ್ಕಿಗಳು. ಮೂಲೆಗೆ ಹೋದಂತೆ ಚುಕ್ಕಿಗಳು ಒಂದಕ್ಕೊಂದು ಕೂಡಿಕೊಂಡು ಮೋಡವಾಗಿರುತ್ತವೆ. ಅಂಗೈ ಇಟ್ಟರೆ ಗೋಡೆ ತಣ್ಣಗೆ. ಬೆರಳಿನಿಂದ ತೀಡಿದರೆ ಮಸಿ ಹತ್ತುತ್ತದೆ. ಮೊಬೈಲಿನ ಕ್ಯಾಮೆರಾವನ್ನು ಹತ್ತಿರ ಹಿಡಿದು ದೊಡ್ಡದು ಮಾಡಿದರೆ ಅದು ಮಸಿಯಲ್ಲ, ಎಳೆ ಎಳೆಯಾಗಿ ಹರಡಿದ ಜೀವವೆಂದು ಗೊತ್ತಾಗುತ್ತದೆ.

ಕಂಡ ಕೂಡಲೇ ನಾವು ಮಾಡುವ ಮೊದಲ ಕೆಲಸ ಪೇಂಟರಿಗೆ ಫೋನು. ಆತ ಬಂದು ಕೆರೆದು, ಪುಟ್ಟಿ ಹಾಕಿ, ಎರಡು ಕೋಟು ಹೊಡೆದು ಹೋಗುತ್ತಾನೆ. ಮುಂದಿನ ಮಳೆಗಾಲಕ್ಕೆ ಅದೇ ಜಾಗದಲ್ಲಿ ಅದೇ ಮೋಡ. ಬೂಸ್ಟು ಗೋಡೆಯ ರೋಗವಲ್ಲ, ನೀರಿನ ಲಕ್ಷಣ. ಕರೆಯಬೇಕಾದದ್ದು ಕೆಲವೊಮ್ಮೆ ಪ್ಲಂಬರನ್ನು, ಕೆಲವೊಮ್ಮೆ ಗಾರೆಯವನನ್ನು. ಎಷ್ಟೋ ಸಲ ಯಾರನ್ನೂ ಕರೆಯಬೇಕಿಲ್ಲ, ಕಿಟಕಿ ತೆರೆದರೆ ಸಾಕು.

ಬೂಸ್ಟಿನ ಬೀಜಕಣಗಳು ಎಲ್ಲಿಂದಲೋ ಬಂದು ಮನೆ ಹೊಕ್ಕವೆಂದು ಹೆದರುವವರಿದ್ದಾರೆ. ಅವು ಎಂದೂ ಹೊರಗಿರಲೇ ಇಲ್ಲ. ಈ ಪತ್ರಿಕೆ ಹಿಡಿದಿರುವ ಕೈಯ ಮೇಲೂ ಇವೆ, ಈಗಷ್ಟೇ ಎಳೆದುಕೊಂಡ ಉಸಿರಿನಲ್ಲೂ ಇವೆ. ಹೆಚ್ಚಿನವು 2ರಿಂದ 10 ಮೈಕ್ರಾನ್ ಗಾತ್ರದವು. ತಲೆಗೂದಲಿನ ಅಗಲ ಸುಮಾರು 70 ಮೈಕ್ರಾನ್ ಎಂದರೆ ಇವುಗಳ ಸಣ್ಣತನ ಅಂದಾಜಾದೀತು. ಇವು ಮೊಳೆಯಲು ತಿನ್ನಲು ಏನಾದರೂ ಬೇಕು, ಹದವಾದ ಬಿಸಿ ಬೇಕು, ನೀರು ಬೇಕು. ತಿನ್ನುವುದಕ್ಕೆ ಬರವಿಲ್ಲ. ಮರ, ಕಾಗದ, ಹತ್ತಿ, ಚರ್ಮ, ಬಣ್ಣದ ಅಂಟು, ಸೋಪಿನ ಜಿಡ್ಡು, ಕೊನೆಗೆ ಗೋಡೆಗೆ ಹತ್ತಿದ ಧೂಳಾದರೂ ಸರಿ. ಬಿಸಿಯೂ ನಮಗೆ ಹಿತವಾದಷ್ಟೇ ಅವಕ್ಕೂ ಹಿತ. ನಮ್ಮ ಹಿಡಿತದಲ್ಲಿರುವುದು ನೀರು ಮಾತ್ರ. ಒದ್ದೆಯಾದ ವಸ್ತು 24ರಿಂದ 48 ಗಂಟೆಯೊಳಗೆ ಒಣಗಿದರೆ ಬಹುತೇಕ ಬೂಸ್ಟು ಹಿಡಿಯುವುದಿಲ್ಲ. ಎರಡು ದಿನ ದಾಟಿತೋ, ಅವುಗಳ ಕಾಲ.

ನೀರು ಎಂದರೆ ಸೋರಿಕೆಯೇ ಆಗಬೇಕೆಂದೇನಿಲ್ಲ. ಹತ್ತಾರು ಕಡೆ ಗೋಡೆ ಒಡೆದು ಪೈಪು ನೋಡಿ, ಸೋರಿಕೆ ಸಿಗದೆ ಕಂಗಾಲಾದ ಮನೆಯವರನ್ನು ಬಲ್ಲೆ. ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಚೊಂಬು ಹೊರಗೆ ಬೆವರುವಂತೆಯೇ ಗೋಡೆಯೂ ಬೆವರುತ್ತದೆ. ಅನ್ನ ಬೇಯುವಾಗ, ಸ್ನಾನ ಮಾಡುವಾಗ ಏಳುವ ಹಬೆ, ನಾಲ್ಕು ಜನ ರಾತ್ರಿಯಿಡೀ ಬಿಡುವ ಉಸಿರು, ಇವೆಲ್ಲ ಗಾಳಿಯಲ್ಲೇ ಉಳಿಯುತ್ತವೆ. ಮಳೆಗಾಲದಲ್ಲಿ ಹಾಲಿನೊಳಗೆ ಸ್ಟ್ಯಾಂಡಿನ ಮೇಲೆ ಹರವಿದ ಒಂದು ಮಿಷನ್ ಬಟ್ಟೆ ಒಣಗುವುದೆಂದರೆ ಒಂದೆರಡು ಲೀಟರ್ ನೀರು ಆ ಕೋಣೆಯ ಗಾಳಿಗೆ ಸೇರಿತೆಂದು ಅರ್ಥ. ಆ ಗಾಳಿ ಹೋಗಿ ತಣ್ಣನೆಯ ಮೈಗೆ ತಾಗಿದಲ್ಲಿ ನೀರಾಗುತ್ತದೆ. ಮನೆಯಲ್ಲಿ ತಣ್ಣಗಿರುವುದು ಬಿಸಿಲು ಕಾಣದ ಉತ್ತರದ ಗೋಡೆ, ಎರಡು ಹೊರಗೋಡೆ ಕೂಡುವ ಮೂಲೆ, ಗಾಳಿಯಾಡದ ಬೀರುವಿನ ಬೆನ್ನು. ಬೂಸ್ಟು ಅಲ್ಲೇ ಮನೆ ಮಾಡುವುದು ಅದಕ್ಕಾಗಿ. ಏಸಿ ಇರುವ ಮಂಗಳೂರಿನ ಮನೆಗಳಲ್ಲಿ ಇನ್ನೊಂದು ಚೋದ್ಯ. ರಾತ್ರಿಯೆಲ್ಲ ಏಸಿ ಹಾಕಿ ಗೋಡೆಗಳನ್ನು ತಣ್ಣಗೆ ಮಾಡಿ, ಬೆಳಗ್ಗೆ ಶುದ್ಧ ಗಾಳಿ ಬರಲೆಂದು ಕಿಟಕಿ ತೆರೆದರೆ ಸಮುದ್ರದ ತೇವವೆಲ್ಲ ಒಳಬಂದು ಅದೇ ಗೋಡೆಯ ಮೇಲೆ ಕೂರುತ್ತದೆ.

ಹೀಗಾಗಿ ನೂರಿನ್ನೂರು ರೂಪಾಯಿಗೋ ಐನೂರಕ್ಕೋ ಸಿಗುವ ತೇವಾಂಶ ಮಾಪಕವೊಂದು ಮನೆಯಲ್ಲಿರಲಿ ಎನ್ನುತ್ತೇನೆ. ಅದರ ಮುಳ್ಳು ಶೇಕಡಾ 60ರ ಕೆಳಗಿದ್ದರೆ ಚಿಂತೆ ಕಡಿಮೆ. ಜುಲೈ ತಿಂಗಳ ಕರಾವಳಿಯಲ್ಲಿ ಹೊರಗೇ 90ರ ಆಸುಪಾಸು ಇರುವಾಗ ಒಳಗೆ 60 ಎಂಬುದು ತಮಾಷೆಯಾಗಿ ಕಂಡೀತು. ಅಲ್ಲಿ ಗುರಿ ಇಡೀ ಮನೆಯಲ್ಲ. ಮಲಗುವ ಕೋಣೆ ಮತ್ತು ಬಟ್ಟೆಯ ಕಪಾಟು ಒಣಗಿದ್ದರೆ ಅರ್ಧ ಗೆದ್ದಂತೆ.

ಹಳೆಯ ಮನೆಗಳಲ್ಲಿ ಇದಕ್ಕೆ ತಮ್ಮದೇ ಏರ್ಪಾಟುಗಳಿದ್ದವು. ಮಳೆ ಹೊಡೆಯುವ ಪಡುವಣ ಗೋಡೆಗೆ ಮೇ ತಿಂಗಳಲ್ಲೇ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ವರ್ಷಕ್ಕೊಮ್ಮೆ ಹಬ್ಬದ ಮುಂದೆ ಸುಣ್ಣ ಬಳಿಯುತ್ತಿದ್ದರು. ಸುಣ್ಣದ ಕ್ಷಾರಗುಣದಲ್ಲಿ ಬೂಸ್ಟು ಸುಲಭವಾಗಿ ಬೇರು ಬಿಡದು, ಜೊತೆಗೆ ಸುಣ್ಣದ ಗೋಡೆ ಹೀರಿದ ನೀರನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಇಂದಿನ ಎಮಲ್ಷನ್ ಬಣ್ಣ ಪ್ಲಾಸ್ಟಿಕ್ಕಿನ ಹಾಳೆಯಿದ್ದಂತೆ ಕೂರುವುದರಿಂದ ಒಳಗಿನ ನೀರಿಗೆ ದಾರಿಯಿಲ್ಲ. ಅದು ಬಣ್ಣವನ್ನೇ ಗುಳ್ಳೆಯೆಬ್ಬಿಸಿ ಹೊರಬರುತ್ತದೆ. ಇಷ್ಟು ಹೇಳಿದರೆ ಹಿಂದಿನದೆಲ್ಲ ಚಂದ ಎಂದು ತಲೆದೂಗುವವರು ಸಿಗುತ್ತಾರೆ. ಆ ಮನೆಗಳ ಹೆಂಚು, ಅಟ್ಟಗಳನ್ನು ಬೂಸ್ಟಿನಿಂದ ಕಾಪಾಡಿದ್ದರಲ್ಲಿ ಸೌದೆ ಒಲೆಯ ಹೊಗೆಯ ಪಾಲು ದೊಡ್ಡದು, ಮತ್ತು ಆ ಹೊಗೆಗೆ ಶ್ವಾಸಕೋಶ ಕೊಟ್ಟವರು ಅಡುಗೆಮನೆಯ ಹೆಂಗಸರು. ಸಂಜೆ ಸಾಂಬ್ರಾಣಿ ಹೊಗೆ ಹಾಕಿದರೆ ಬೂಸ್ಟು ಸಾಯುತ್ತದೆ ಎನ್ನುವವರೂ ಇದ್ದಾರೆ. ವಾಸನೆ ಮುಚ್ಚುತ್ತದೆ, ಅಷ್ಟೇ. ಮನೆಯಲ್ಲಿ ಅಸ್ತಮಾದವರಿದ್ದರೆ ಅವರ ಕೆಮ್ಮಿಗೆ ಇನ್ನೊಂದು ಕಾರಣ ಸೇರುತ್ತದೆ.

ಗೋಡೆಯ ಮೇಲೆ ಕಂಡದ್ದೆಲ್ಲ ಬೂಸ್ಟಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ನೆಲದ ಹತ್ತಿರ ಹತ್ತಿಯಂತೆ ಉದುರುವ ಬಿಳಿ ಹುಡಿ ಸಾಮಾನ್ಯವಾಗಿ ಇಟ್ಟಿಗೆ, ಸಿಮೆಂಟಿನೊಳಗಿಂದ ನೀರಿನ ಜೊತೆ ಬಂದ ಉಪ್ಪು. ಚಿಟಿಕೆ ತೆಗೆದು ನೀರಿಗೆ ಹಾಕಿದರೆ ಕರಗುತ್ತದೆ, ಬೂಸ್ಟು ಕರಗದು. ಬಚ್ಚಲ ಟೈಲ್ಸಿನ ಸಂದಿಯಲ್ಲಿ, ಬಕೆಟ್ಟಿನ ತಳದಲ್ಲಿ ಕಾಣುವ ಗುಲಾಬಿ ಲೋಳೆ ಸೆರೇಷಿಯಾ ಎಂಬ ಬ್ಯಾಕ್ಟೀರಿಯಾ ಇದ್ದೀತು. ಹೊರಗೋಡೆಯ ಹಸಿರು ಪಾಚಿ, ಅದಕ್ಕೆ ಬೆಳಕು ಬೇಕು. ಬೀರುವಿನ ಹಿಂದಿನ ಕತ್ತಲಲ್ಲಿ ಬೆಳೆಯುವುದು ಮಾತ್ರ ಶಿಲೀಂಧ್ರ. ಅದರಲ್ಲೂ ನಮ್ಮ ಗೋಡೆಗಳಲ್ಲಿ ಹೆಚ್ಚು ಕಾಣುವುದು ಆಲಿವ್ ಹಸಿರಿನಿಂದ ಕಪ್ಪಿನವರೆಗಿನ ಕ್ಲಾಡೋಸ್ಪೋರಿಯಂ. ಚಪ್ಪಲಿ, ಬ್ರೆಡ್ಡು, ಕಿತ್ತಳೆಯ ಮೇಲಿನ ನೀಲಿ-ಹಸಿರು ಪುಡಿ ಬಹುತೇಕ ಪೆನಿಸಿಲಿಯಂ. 1928ರಲ್ಲಿ ಲಂಡನ್ನಿನ ಸೇಂಟ್ ಮೇರಿಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್‌ರ ತಟ್ಟೆಯೊಳಗೆ ಬಿದ್ದು ಪೆನಿಸಿಲಿನ್ ಕೊಟ್ಟದ್ದು ಇದೇ ಕುಲದ ಇನ್ನೊಂದು ಬೂಸ್ಟು. ಆದಕಾರಣ ಬೂಸ್ಟು ಹಿಡಿದ ಬ್ರೆಡ್ಡು ತಿಂದರೆ ಔಷಧಿ ತಿಂದಂತೆ ಎಂದು ವಾಟ್ಸಾಪಿನಲ್ಲಿ ಯಾರೋ ಬರೆದಿದ್ದನ್ನು ಓದಿದ್ದೇನೆ. ಅವರು ಅದನ್ನು ತಿಂದಿರಲಾರರು ಎಂದು ಹಾರೈಸೋಣ. ಕೊಬ್ಬರಿ, ಕಾಳು, ಹಳೆಯ ಧೂಳು, ಒದ್ದೆ ಹಾಸಿಗೆಗಳಲ್ಲಿ ಆಸ್ಪರ್ಜಿಲಸ್. ಬಚ್ಚಲ ಕಿಟಕಿಯ ಚೌಕಟ್ಟಿನಲ್ಲಿ ಆಲ್ಟರ್ನೇರಿಯಾ. ಫ್ರಿಜ್ಜಿನ ಬಾಗಿಲ ರಬ್ಬರಿನ ಮಡಿಕೆಯಲ್ಲೂ, ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮಿಷನ್ನಿನ ಬಾಯಿಯಲ್ಲೂ ಕಪ್ಪು ಚುಕ್ಕಿಗಳಾಗಿ ಇವುಗಳ ದಾಯಾದಿಗಳು.

ಬಣ್ಣ ನೋಡಿ ಅಪಾಯ ಅಳೆಯುವುದು ಜನರ ರೂಢಿ. ಕಪ್ಪಾದರೆ ವಿಷ, ಬಿಳಿಯಾದರೆ ಪರವಾಗಿಲ್ಲ. ಇದಕ್ಕೆ ಎರಡು ಮೂಲಗಳಿವೆ.

ಮೊದಲನೆಯದು ಅಮೆರಿಕದ್ದು. ಸ್ಟ್ಯಾಕಿಬೋಟ್ರಿಸ್ ಎಂಬ ಕಪ್ಪು ಬೂಸ್ಟನ್ನು 1837ರಲ್ಲಿ ಕೊರ್ಡಾ ಎಂಬ ಸಸ್ಯವಿಜ್ಞಾನಿ ಪ್ರಾಗ್ ನಗರದ ಮನೆಯೊಂದರ ಗೋಡೆಕಾಗದದ ಮೇಲೆ ಕಂಡು ಹೆಸರಿಸಿದ್ದ. ನೂರೈವತ್ತು ವರ್ಷ ಅದರ ಗೊಡವೆ ಸಾಮಾನ್ಯರಿಗಿರಲಿಲ್ಲ. 1993-94ರಲ್ಲಿ ಓಹಾಯೋದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಕೆಲವು ಹಸುಗೂಸುಗಳ ಶ್ವಾಸಕೋಶದಲ್ಲಿ ರಕ್ತಸ್ರಾವವಾದಾಗ, ಅವುಗಳ ಮನೆಯಲ್ಲಿದ್ದ ಈ ಬೂಸ್ಟಿನ ಮೇಲೆ ಅನುಮಾನ ಬಿತ್ತು. ಪತ್ರಿಕೆಗಳಿಗೆ ತಲೆಬರಹ ಸಿಕ್ಕಿತು, ವಕೀಲರಿಗೆ ಕೆಲಸ ಸಿಕ್ಕಿತು. 2001ರಲ್ಲಿ ಟೆಕ್ಸಾಸಿನ ಜ್ಯೂರಿಯೊಂದು ಬೂಸ್ಟು ಹಿಡಿದ ಒಂದೇ ಮನೆಯ ಪ್ರಕರಣದಲ್ಲಿ ವಿಮೆ ಕಂಪನಿಯು 3 ಕೋಟಿ 20 ಲಕ್ಷ ಡಾಲರ್ ಕೊಡಬೇಕೆಂದಿತು (ಮೇಲ್ಮನವಿಯಲ್ಲಿ ಆ ಮೊತ್ತ ಬಹಳ ಇಳಿಯಿತು). ಆದರೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಕ್ಲೀವ್‌ಲ್ಯಾಂಡಿನ ದಾಖಲೆಗಳನ್ನೆಲ್ಲ ಮರುಪರಿಶೀಲಿಸಿ, ಆ ರಕ್ತಸ್ರಾವಕ್ಕೆ ಬೂಸ್ಟೇ ಕಾರಣವೆಂದು ಸಾಬೀತಾಗಿಲ್ಲ ಎಂದು 2000ದಲ್ಲೇ ಹೇಳಿತ್ತು. ಆ ಮಾತು ತಲೆಬರಹವಾಗಲಿಲ್ಲ. ಸ್ಟ್ಯಾಕಿಬೋಟ್ರಿಸ್‌ಗೆ ಸದಾ ನೀರಲ್ಲಿ ನೆನೆದ ಕಾಗದ, ರಟ್ಟು, ಹುಲ್ಲು ಬೇಕು. ಅಮೆರಿಕದ ಮನೆಗಳ ಗೋಡೆಯೇ ಕಾಗದ ಹೊದೆಸಿದ ಜಿಪ್ಸಮ್ ಹಲಗೆ. ನಮ್ಮ ಸಿಮೆಂಟು ಗಾರೆಯಲ್ಲಿ ಅದಕ್ಕೆ ಅಷ್ಟು ಊಟವಿಲ್ಲ. ಈಗ ಎಲ್ಲರ ಹಾಲಿನಲ್ಲೂ ಅದೇ ಜಿಪ್ಸಮ್ ಹಲಗೆಯ ಫಾಲ್ಸ್ ಸೀಲಿಂಗ್ ಬರುತ್ತಿದೆ, ಅದರ ಮೇಲೆಯೇ ಮೇಲಿನ ಮನೆಯವರ ಬಚ್ಚಲಿನ ಪೈಪು ಹಾದುಹೋಗುತ್ತದೆ ಎಂಬುದು ಬೇರೆ ಮಾತು.

ಎರಡನೆಯ ಮೂಲ ನಮ್ಮದೇ. 2021ರ ಕೋವಿಡ್ ಎರಡನೇ ಅಲೆಯಲ್ಲಿ 'ಕಪ್ಪು ಶಿಲೀಂಧ್ರ' ಎಂಬ ಹೆಸರು ಮನೆಮಾತಾಯಿತು. ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ 40,000ಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿದ್ದವು. ಕರ್ನಾಟಕದಲ್ಲೂ ಕಣ್ಣು, ದವಡೆ ಕಳೆದುಕೊಂಡವರಿದ್ದಾರೆ. ಆಗ ಎಷ್ಟೋ ಮನೆಗಳಲ್ಲಿ ಬಚ್ಚಲ ಗೋಡೆಯ ಕಪ್ಪು ಕಂಡು ಜನ ನಡುಗಿದರು. ಆ ರೋಗ ತರುವ ರೈಜೋಪಸ್ ಮುಂತಾದವು ಗೋಡೆಯ ಕಪ್ಪು ಚುಕ್ಕಿಗಳ ಜಾತಿಯವಲ್ಲ. ಮಣ್ಣು, ಕೊಳೆತ ಎಲೆ, ಹಳಸಿದ ಬ್ರೆಡ್ಡು ಅವುಗಳ ಜಾಗ. ರೋಗಿಯ ಮೂಗು, ಅಂಗುಳಲ್ಲಿ ಕಂಡ ಕಪ್ಪು ಬಣ್ಣ ಶಿಲೀಂಧ್ರದ್ದಲ್ಲ, ರಕ್ತ ಹರಿಯದೆ ಸತ್ತ ಮಾಂಸದ್ದು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಅತಿಯಾದ ಸ್ಟಿರಾಯ್ಡ್ ಸೇರಿದ ದೇಹ ಅದಕ್ಕೆ ಬಾಗಿಲು ತೆರೆದಿತ್ತು.

ಇಷ್ಟಾದರೂ ಬೂಸ್ಟು ನಿರಪಾಯವೆಂದಲ್ಲ. ಅದರ ನಿಜವಾದ ಕೇಡು ತಲೆಬರಹಕ್ಕೆ ಒದಗುವಂಥದ್ದಲ್ಲ. ಬೆಳಗ್ಗೆ ಏಳುತ್ತಲೇ ಸಾಲು ಸೀನು, ಕಟ್ಟಿದ ಮೂಗು, ಮಳೆಗಾಲ ಪೂರ್ತಿ ಬಿಡದ ಕೆಮ್ಮು, ಮಗುವಿನ ಎದೆಯಲ್ಲಿ ಗುಂಯ್‌ಗುಡುವ ಉಬ್ಬಸ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2004ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಲಭ್ಯ ಅಧ್ಯಯನಗಳನ್ನೆಲ್ಲ ಜಾಲಾಡಿ ಹೇಳಿದ್ದು ಇದನ್ನೇ. ತೇವ ಹಿಡಿದ ಮನೆಗೂ ಕೆಮ್ಮು, ಉಬ್ಬಸ, ಅಸ್ತಮಾಕ್ಕೂ ನಂಟಿದೆ. 2007ರಲ್ಲಿ ಪ್ರಕಟವಾದ ಒಂದು ಒಟ್ಟುಲೆಕ್ಕದ ಪ್ರಕಾರ ಅಂಥ ಮನೆಗಳಲ್ಲಿ ಈ ತೊಂದರೆಗಳು ಶೇಕಡಾ 30ರಿಂದ 50ರಷ್ಟು ಹೆಚ್ಚು. ಮರೆವು, ನಿಶ್ಶಕ್ತಿ, ಕೀಲುನೋವು ಎಲ್ಲವನ್ನೂ ಬೂಸ್ಟಿನ ತಲೆಗೆ ಕಟ್ಟುವವರ ಪರವಾಗಿ ಸಾಕಷ್ಟು ಪುರಾವೆ ಆ ಎರಡು ಸಂಸ್ಥೆಗಳಿಗೆ ಸಿಗಲಿಲ್ಲ. ತೇವದ ಮನೆಯಲ್ಲಿ ಧೂಳಿನ ಹುಳ, ಜಿರಲೆ, ಬ್ಯಾಕ್ಟೀರಿಯಾ ಎಲ್ಲವೂ ಒಟ್ಟಿಗೇ ಹೆಚ್ಚುವುದರಿಂದ ಯಾವುದರ ಪಾಲೆಷ್ಟು ಎಂದು ಬೇರ್ಪಡಿಸುವುದೂ ಕಷ್ಟ.

ಆರೋಗ್ಯವಂತನ ದೇಹದೊಳಗೆ ಗೋಡೆಯ ಬೂಸ್ಟು ಬೆಳೆಯುವುದಿಲ್ಲವೇಕೆ? ನಮ್ಮ ಮೈಬಿಸಿ 37 ಡಿಗ್ರಿ, ಕ್ಲಾಡೋಸ್ಪೋರಿಯಂನಂಥವಕ್ಕೆ ಅದು ತಡೆಯದ ಸೆಕೆ. ಅವು ಅಲರ್ಜಿ ಎಬ್ಬಿಸಿ ಸಾಯುತ್ತವೆ. ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬುದೊಂದು ಮಾತ್ರ ಬೇರೆ ಜಾತಿ. ಅದರ ಕಣ 2-3 ಮೈಕ್ರಾನಿನಷ್ಟು ಚಿಕ್ಕದು, ಮೂಗಿನ ಜರಡಿ ದಾಟಿ ಶ್ವಾಸಕೋಶದ ಆಳಕ್ಕಿಳಿಯುತ್ತದೆ. 37 ಡಿಗ್ರಿಯಲ್ಲಿ ಸುಖವಾಗಿ ಬೆಳೆಯುತ್ತದೆ. ಗಟ್ಟಿ ದೇಹವಿದ್ದರೆ ಬಿಳಿ ರಕ್ತಕಣಗಳು ಅದನ್ನು ಅಲ್ಲೇ ಮುಗಿಸುತ್ತವೆ. ಕಿಮೋಥೆರಪಿಯಲ್ಲಿರುವವರು, ಮೂತ್ರಪಿಂಡ ಕಸಿ ಮಾಡಿಸಿಕೊಂಡವರು, ದೀರ್ಘಕಾಲ ಸ್ಟಿರಾಯ್ಡ್ ಮಾತ್ರೆ ನುಂಗುವವರು ಹೆದರಬೇಕಾದದ್ದು ಇದಕ್ಕೆ. ಅಂಥವರಿರುವ ಮನೆಯಲ್ಲಿ ಬೂಸ್ಟು ಕೆರೆಯುವ ಕೆಲಸವನ್ನು ಅವರ ಕೈಯಲ್ಲಿ ಮಾಡಿಸಕೂಡದು, ಮಾಡುವಾಗ ಅವರು ಆ ಕೋಣೆಯಲ್ಲಿರಲೂಕೂಡದು.

ನಮ್ಮ ದೇಶಕ್ಕೆ ವಿಶೇಷವಾಗಿ ಸಲ್ಲುವ ಇನ್ನೂ ಎರಡು ಸಂಗತಿಗಳಿವೆ, ಇವು ವೈದ್ಯರ ಕಣ್ಣನ್ನೂ ತಪ್ಪಿಸುತ್ತವೆ. ಹಿಂದೆ ಕ್ಷಯ ಬಂದು ವಾಸಿಯಾದವರ ಶ್ವಾಸಕೋಶದಲ್ಲಿ ಪೊಳ್ಳು ಉಳಿದಿರುತ್ತದೆ. ಆಸ್ಪರ್ಜಿಲಸ್ ಆ ಪೊಳ್ಳಿನಲ್ಲಿ ಬೀಡುಬಿಟ್ಟರೆ ಮತ್ತೆ ಕೆಮ್ಮು, ತೂಕ ಇಳಿತ, ಕಫದಲ್ಲಿ ರಕ್ತ. ಎಲ್ಲವೂ ಕ್ಷಯದ್ದೇ ಲಕ್ಷಣ, ಮತ್ತೆ ಕ್ಷಯದ್ದೇ ಮಾತ್ರೆ ಶುರು. ಕಫದಲ್ಲಿ ಕ್ಷಯದ ರೋಗಾಣು ಸಿಗದೆಯೂ ಎರಡನೇ ಸಲ ಔಷಧಿ ಆರಂಭಿಸುವ ಮುಂಚೆ ಶಿಲೀಂಧ್ರದ ಪರೀಕ್ಷೆ ಮಾಡಿಸೋಣವೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಇನ್ನೊಂದು, ಇನ್ಹೇಲರ್ ಸರಿಯಾಗಿ ತೆಗೆದುಕೊಂಡರೂ ಹತೋಟಿಗೆ ಬಾರದ, ಕಂದು ಬಣ್ಣದ ಗಟ್ಟಿ ಕಫದ ತುಣುಕು ಬೀಳುವ ಅಸ್ತಮಾ. ಅದು ಆಸ್ಪರ್ಜಿಲಸ್ ಅಲರ್ಜಿ ಇರಬಹುದು, ರಕ್ತಪರೀಕ್ಷೆಯಿಂದ ಸುಳಿವು ಸಿಗುತ್ತದೆ. ಚಿಕಿತ್ಸೆಯ ದಾರಿ ಬೇರೆ.

ಬೂಸ್ಟು ಮಳೆನಾಡಿನವರ ಕಾಯಿಲೆ, ನಮ್ಮದು ಬಿಸಿಲುನಾಡು ಎಂದು ಕಲಬುರಗಿ, ರಾಯಚೂರಿನವರು ಇಷ್ಟರಲ್ಲಿ ಪುಟ ತಿರುವಿರಬಹುದು. ತುಸು ತಾಳಿ. ದೇಶದ 27 ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಗೋಡೆ ದಪ್ಪಗಟ್ಟುವ ಕಾಯಿಲೆಗಳ 1,084 ರೋಗಿಗಳನ್ನು ದಾಖಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಪಾಶ್ಚಾತ್ಯ ದೇಶಗಳಲ್ಲಿ ಈ ಗುಂಪಿನ ಬಹುಪಾಲು ಕಾಯಿಲೆಗೆ ಕಾರಣ ತಿಳಿಯುವುದಿಲ್ಲ. ಇಲ್ಲಿ ಮಾತ್ರ ಶೇಕಡಾ 47ರಷ್ಟು ಜನರಿಗೆ ಇದ್ದದ್ದು ಉಸಿರಿನೊಡನೆ ಒಳಹೋದ ಕಣಗಳಿಗೆ ಶ್ವಾಸಕೋಶ ಸಿಡಿಮಿಡಿಗೊಂಡು ಉಂಟಾಗುವ ಉರಿಯೂತ. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಯ ಮನೆಯಲ್ಲಿದ್ದದ್ದು ಏರ್ ಕೂಲರ್.

ಯೋಚಿಸಿ ನೋಡಿದರೆ ಕೂಲರಿಗಿಂತ ಒಳ್ಳೆಯ ಬೂಸ್ಟಿನ ತೊಟ್ಟಿಲು ಬೇರಿಲ್ಲ. ಮೂರು ಕಡೆ ಒದ್ದೆ ಹುಲ್ಲಿನ ಪ್ಯಾಡು, ಕೆಳಗೆ ವಾರಗಟ್ಟಲೆ ನಿಂತ ನೀರು, ನಡುವೆ ಅದನ್ನೆಲ್ಲ ನೇರ ಮಲಗಿದವರ ಮುಖಕ್ಕೆ ಊದುವ ಫ್ಯಾನು. ಹೋಳಿ ಮುಗಿದ ಮೇಲೆ ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಕಳೆದ ವರ್ಷದ ಪ್ಯಾಡಿಗೇ ನೀರು ಬಿಟ್ಟು ಸ್ವಿಚ್ ಹಾಕುವ ಮನೆಗಳೇ ಹೆಚ್ಚು. ಮೊದಲ ದಿನ ಬರುವ ಆ ವಾಸನೆಯನ್ನು ಹಸಿ ಮಣ್ಣಿನ ಪರಿಮಳವೆಂದು ಹೊಗಳುವುದುಂಟು. ಕಾಯಿಲೆಯೂ ಮಾಯಾವಿ. ಕೂಲರ್ ಗಾಳಿಯಲ್ಲಿ ಮಲಗಿದ ಕೆಲವು ಗಂಟೆಗಳ ಮೇಲೆ ಚಳಿಜ್ವರ, ಒಣಕೆಮ್ಮು, ದಮ್ಮು. ಎರಡು ದಿನ ಊರಿಗೆ ಹೋದರೆ ಕಡಿಮೆ, ಬಂದರೆ ಮತ್ತೆ. ಹೀಗೇ ವರ್ಷಗಳು ಕಳೆದರೆ ಶ್ವಾಸಕೋಶ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ, ಆಮೇಲೆ ಸರಿಪಡಿಸಲಾಗದು. ಪ್ರತಿ ಬೇಸಿಗೆಗೆ ಹೊಸ ಪ್ಯಾಡು ಹಾಕಿ. ತೊಟ್ಟಿಯ ನೀರನ್ನು ಆಗಾಗ ಪೂರ್ತಿ ಚೆಲ್ಲಿ ಉಜ್ಜಿ ಒಣಗಿಸಿ. ಕೂಲರ್ ಕಿಟಕಿಯಾಚೆ ಇರಲಿ, ಎದುರಿನ ಕಿಟಕಿ ತೆರೆದಿರಲಿ. ಪ್ಯಾಡಿಗಾಗುವ ನೂರಾರು ರೂಪಾಯಿ ಉಳಿಸಲು ಹೋಗಿ ಶ್ವಾಸಕೋಶ ಕಳೆದುಕೊಳ್ಳುವುದು ಯಾವ ಜಾಣತನ?

ತಿನ್ನುವ ಪದಾರ್ಥದ ಬೂಸ್ಟಿಗೆ ಬಂದರೆ ನಮ್ಮ ಧೈರ್ಯ ದೊಡ್ಡದು. ಶೇಂಗಾಕ್ಕೆ ಮುಗ್ಗು ಹಿಡಿದರೆ ಬಿಸಿಲಿಗೆ ಹಾಕಿ ಹುರಿದು ಚಟ್ನಿಪುಡಿ ಮಾಡುತ್ತೇವೆ. ಕೊಬ್ಬರಿಯ ಬೂಸ್ಟನ್ನು ಬಟ್ಟೆಯಿಂದ ಒರೆಸಿ ತುರಿಯುತ್ತೇವೆ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ-ಹಸಿರು ಬೂಸ್ಟು ಕಾಳಿನೊಳಗೆ ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತಿನ ಕ್ಯಾನ್ಸರಿಗೆ ಕಾರಣವೆಂದು ಖಚಿತವಾಗಿ ಗೊತ್ತಿದೆ. ಬಿಸಿಲಿಗೆ ಬೂಸ್ಟು ಸಾಯಬಹುದು, ಅದು ಬಿಟ್ಟುಹೋದ ವಿಷ ಬೇಯಿಸಿದರೂ ಹುರಿದರೂ ಪೂರ್ತಿ ಹೋಗದು. 1974ರಲ್ಲಿ ರಾಜಸ್ಥಾನದ ಬಾಂಸ್‌ವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಅಕಾಲ ಮಳೆಗೆ ನೆನೆದ ಗೋವಿನಜೋಳವನ್ನೇ ವಾರಗಟ್ಟಲೆ ಉಂಡ ಬಡ ಕುಟುಂಬಗಳಲ್ಲಿ ಕಾಮಾಲೆ ಹಬ್ಬಿ ನೂರಕ್ಕೂ ಹೆಚ್ಚು ಜನ ಸತ್ತರು. ಬೇರೆ ಧಾನ್ಯ ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ನಮಗಿದೆ. ಕಾಳು, ಶೇಂಗಾ, ಕೊಬ್ಬರಿ, ಒಣಮೆಣಸಿನಕಾಯಿ, ಬ್ರೆಡ್ಡು, ಬೆಂದ ಪದಾರ್ಥ, ಮೆತ್ತಗಿನ ಹಣ್ಣುಗಳಿಗೆ ಬೂಸ್ಟು ಬಂದರೆ ತಿಪ್ಪೆಗೆ ಹಾಕಿ, ದನಕ್ಕೂ ಬೇಡ. ಹಸುವಿನ ಹೊಟ್ಟೆ ಸೇರಿದ ಈ ವಿಷದ ಒಂದಂಶ ಹಾಲಿನಲ್ಲಿ ಮರಳಿ ಬರುತ್ತದೆ. ಕ್ಯಾರೆಟ್ಟು, ಎಲೆಕೋಸಿನಂಥ ಗಟ್ಟಿ ತರಕಾರಿಯನ್ನು ಮಾತ್ರ ಬೂಸ್ಟಿನ ಸುತ್ತ ಒಂದಿಂಚು ಬಿಟ್ಟು ಕತ್ತರಿಸಿ ಬಳಸಬಹುದು.

ಇನ್ನು ಗೋಡೆ ಸ್ವಚ್ಛ ಮಾಡುವ ವಿಚಾರ. ಮೂರಡಿಗೆ ಮೂರಡಿಯಷ್ಟು ಜಾಗವಾದರೆ ಮನೆಯವರೇ ಮಾಡಬಹುದು. ಒಣ ಬ್ರಷ್ಷಿನಿಂದ ಉಜ್ಜಬೇಡಿ, ಕೋಟಿಗಟ್ಟಲೆ ಕಣಗಳು ಗಾಳಿಗೇಳುತ್ತವೆ. ಕೋವಿಡ್ ಕಾಲದ ಎನ್-95 ಮಾಸ್ಕ್ ಉಳಿದಿದ್ದರೆ ತೆಗೆಯಿರಿ, ಕೈಗವಸು ಹಾಕಿ, ಕಿಟಕಿ ತೆರೆದು, ಮೊದಲು ನೀರು ಚಿಮುಕಿಸಿ, ಸೋಪಿನ ನೀರಿನಲ್ಲಿ ಉಜ್ಜಿ ಒರೆಸಿ, ಫ್ಯಾನ್ ಹಾಕಿ ಒಣಗಿಸಿ. ಇಷ್ಟೇ. ಬ್ಲೀಚ್ ಟೈಲ್ಸಿನ ಮೇಲೆ ಕೆಲಸ ಮಾಡೀತು, ನೀರು ಹೀರುವ ಗಾರೆ, ಮರದೊಳಗೆ ಅಷ್ಟಾಗಿ ಇಳಿಯದು. ಕಪ್ಪು ಬಣ್ಣ ಬಿಳುಚಿಕೊಂಡು ಬೂಸ್ಟು ಸತ್ತಂತೆ ತೋರುತ್ತದೆ, ಸತ್ತ ಬೂಸ್ಟೂ ಅಲರ್ಜಿ ತರುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದ ಜಾಗಕ್ಕೆ ಹೆಚ್ಚು ಹೊಳಪು ಬರಲೆಂದು ಕಕ್ಕಸು ತೊಳೆಯುವ ಆಸಿಡ್ ಸುರಿಯುವವರಿದ್ದಾರೆ. ಎರಡೂ ಸೇರಿದರೆ ಹೊರಡುವುದು ಕ್ಲೋರಿನ್ ಅನಿಲ. ಬಾಗಿಲು ಹಾಕಿದ ಪುಟ್ಟ ಬಚ್ಚಲಿನಲ್ಲಿ ಅದರ ಮುಂದೆ ಬೂಸ್ಟು ಏನೂ ಅಲ್ಲ. ನೆರೆ ನೀರು ಹೊಕ್ಕ ಮನೆಯ ಹತ್ತಿಯ ಹಾಸಿಗೆ, ಸೋಫಾ, ಪ್ಲೈವುಡ್ ಕಪಾಟುಗಳ ಮೇಲಿನ ಮಮತೆ ಬಿಡಬೇಕು. ಅವು ಒಳಗಿಂದ ಒಣಗುವುದಿಲ್ಲ.

ಮನೆಯ ಗಾಳಿಯನ್ನು ಪರೀಕ್ಷಿಸಿ, ಬೂಸ್ಟಿನ ಜಾತಿ ಹೆಸರಿಸಿ ವರದಿ ಕೊಡುವ ಕಂಪನಿಗಳು ಈಗ ನಗರಗಳಲ್ಲಿವೆ. ಕಾಸು ಹೆಚ್ಚಾಗಿದ್ದರೆ ಮಾಡಿಸಬಹುದು. ಇಷ್ಟು ಕಣಗಳಿದ್ದರೆ ಸರಿ, ಇಷ್ಟಿದ್ದರೆ ಅಪಾಯ ಎಂಬ ಒಪ್ಪಿತ ಅಳತೆಯೇ ಇಲ್ಲದಿರುವಾಗ ಆ ಸಂಖ್ಯೆಯಿಂದ ತಿಳಿಯುವುದು ಅಲ್ಪ. ಕಣ್ಣಿಗೆ ಕಂಡರೆ, ಮೂಗಿಗೆ ಮುಗ್ಗಲು ಬಡಿದರೆ, ತೆಗೆಯಲು ಅಷ್ಟು ಪುರಾವೆ ಸಾಕು. ಆ ದುಡ್ಡನ್ನು ಬಚ್ಚಲಿಗೊಂದು ಎಕ್ಸಾಸ್ಟ್ ಫ್ಯಾನ್, ತಾರಸಿಯ ಬಿರುಕಿಗೆ ಒಳ್ಳೆಯ ಗಾರೆಕೆಲಸಕ್ಕೆ ಹಾಕುವುದು ಮೇಲು. ಬೀರುವನ್ನು ಗೋಡೆಯಿಂದ ಮೂರ್ನಾಲ್ಕು ಇಂಚು ದೂರ ಇಡಲು ದುಡ್ಡೇ ಬೇಡ.

ಸ್ವಂತ ಮನೆಯವರಿಗೆ ಇಷ್ಟೆಲ್ಲ ಹೇಳಬಹುದು. ಬಾಡಿಗೆಯವರ ಕಷ್ಟ ಬೇರೆ. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ 2020ರ ಡಿಸೆಂಬರಿನಲ್ಲಿ ಎರಡು ವರ್ಷದ ಅವಾಬ್ ಇಶಾಕ್ ಎಂಬ ಮಗು ಸತ್ತಿತು. ವಸತಿ ಸಂಸ್ಥೆಯ ಬಾಡಿಗೆ ಮನೆಯಲ್ಲಿ ಬೂಸ್ಟಿದೆಯೆಂದು ತಂದೆ ಮತ್ತೆ ಮತ್ತೆ ದೂರು ಕೊಟ್ಟಿದ್ದ, ಬಣ್ಣ ಬಳಿದುಕೊಳ್ಳಿ ಎಂಬ ಉತ್ತರ ಬಂದಿತ್ತು. ದೀರ್ಘಕಾಲ ಬೂಸ್ಟಿನ ಮನೆಯಲ್ಲಿದ್ದುದೇ ಸಾವಿಗೆ ಕಾರಣವೆಂದು 2022ರಲ್ಲಿ ಅಲ್ಲಿನ ಮರಣ ವಿಚಾರಣಾಧಿಕಾರಿ ಹೇಳಿದರು. ಆ ಮಗುವಿನ ಹೆಸರಿನಲ್ಲೇ ಬಂದ ಕಾನೂನು 2025ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಸಾಮಾಜಿಕ ವಸತಿಯ ಮಾಲೀಕರು ಗಂಭೀರ ತೇವ, ಬೂಸ್ಟಿನ ದೂರನ್ನು 10 ಕೆಲಸದ ದಿನಗಳಲ್ಲಿ ತನಿಖೆ ಮಾಡಬೇಕು, ತುರ್ತು ಅಪಾಯವಾದರೆ 24 ಗಂಟೆಯಲ್ಲಿ ಸರಿಪಡಿಸಬೇಕು.

ನಮ್ಮಲ್ಲಿ ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿಯಲ್ಲಿ ಕಟ್ಟಡದ ರಿಪೇರಿ, ಗೋಡೆಗೆ ಸುಣ್ಣಬಣ್ಣ, ಅಗತ್ಯವಿದ್ದಾಗ ಕೊಳಾಯಿ ಪೈಪು ಬದಲಿಸುವುದು ಮಾಲೀಕನ ಪಾಲಿಗಿದೆ. ಆದರೆ ಅದು ಹೆಸರಿಗೆ ತಕ್ಕಂತೆ ಮಾದರಿ, ರಾಜ್ಯಗಳು ತಮ್ಮದಾಗಿಸಿಕೊಂಡರೆ ಮಾತ್ರ ಬಲ. ಬೆಂಗಳೂರಿನ ರೂಢಿಯ ಕಾಯ್ದೆ ಬೇರೆಯೇ ಇದೆ. ಮನೆ ಖಾಲಿ ಮಾಡುವ ದಿನ ಮಾಲೀಕರು ಬಂದು, ಬೀರು ತೆಗೆದ ಜಾಗದ ಕಪ್ಪು ಗೋಡೆಯನ್ನು ನೋಡಿ, "ನೀವು ಕಿಟಕಿ ತೆಗೀತಿರ್ಲಿಲ್ಲ ಅನ್ಸತ್ತೆ" ಎನ್ನುತ್ತಾರೆ. ಪೇಂಟಿಂಗಿಗೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಪೈಪು ಸೋರುವುದು ಮುಂದಿನ ಬಾಡಿಗೆಯವರ ಕಾಲಕ್ಕೂ ಹಾಗೆಯೇ ಇರುತ್ತದೆ. ಆದ್ದರಿಂದ ಮನೆ ನೋಡಲು ಹೋಗುವುದಾದರೆ ಬೇಸಿಗೆಯಲ್ಲಿ ಹೊಸ ಬಣ್ಣ ಬಳಿದಾಗ ಹೋಗಬೇಡಿ, ಮಳೆ ಹಿಡಿದ ಆಗಸ್ಟಿನಲ್ಲಿ ಹೋಗಿ. ಬಾಗಿಲು ತೆರೆದ ಕೂಡಲೇ ವಾಸನೆ ನೋಡಿ, ಬಚ್ಚಲಿನ ಆಚೆಬದಿಯ ಗೋಡೆಗೆ ಅಂಗೈ ಇಡಿ, ಲಾಫ್ಟಿನೊಳಗೆ ಟಾರ್ಚ್ ಬಿಡಿ. ಕೀಲಿ ತೆಗೆದುಕೊಳ್ಳುವ ದಿನವೇ ಪ್ರತಿ ಗೋಡೆಯ ಫೋಟೊ ತೆಗೆದು ಮಾಲೀಕರಿಗೂ ಕಳಿಸಿಡಿ. ಸೋರಿಕೆ ಕಂಡ ದಿನ ಬಾಯಲ್ಲಿ ಹೇಳಿ ಸುಮ್ಮನಾಗದೆ, ತಾರೀಖು ಸಮೇತ ಮೆಸೇಜ್ ಮಾಡಿ.